ಬಲೆ ಬಿಚ್ಚದ ಶನಿವಾರ

ಅಕ್ಟೋಬರ್ 12, ಶನಿವಾರ

ಇನ್ನು ಜಗಳವಾಡುವುದಿಲ್ಲ. ಇದನ್ನು ಬರೆದೇ ಇಡುತ್ತೇನೆ. ನಾಳೆ ನನ್ನ ಬಾಯಿ ನನ್ನ ಮಾತು ಕೇಳದೆ ಹೋದರೆ ತೋರಿಸಲು ಬೇಕಾಗುತ್ತದೆ.

ಹದಿನಾಲ್ಕು ವರ್ಷ ಲಂಗ್‌ರೀಟ್ ಚಿನ್ನದ ಗಣಿಯೊಳಗೆ ಅದಿರು ಎಳೆಯುವ ವಿಂಚ್ ಓಡಿಸಿದೆ. ಯೂನಿಯನ್ನಿನವಳಾಗಿ ಎಷ್ಟು ಕೂಗಿದೆನೋ ಲೆಕ್ಕವಿಲ್ಲ. ಸಿಕ್ಕಿದ್ದೇನು? ಗಣಿಯ ಬಾವಿ, ಮೂರನೇ ಶಾಫ್ಟ್, ಮುಚ್ಚಿದಾಗ ಹೊರಗೆ ದಬ್ಬಿದವರಲ್ಲಿ ಮೊದಲ ಹೆಸರು ನನ್ನದು. ನನ್ನ ಗಂಡ ಸೆಲ್ಲೊ ಗಣಿಯ ಧೂಳನ್ನು ಎದೆಯಲ್ಲಿ ತುಂಬಿಕೊಂಡು ಬಂದು ಇದೇ ಮನೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಗಂಡನನ್ನು ತಿಂದರು, ಕೆಲಸ ತಿಂದರು. ಉಳಿದಿರುವುದು ನನ್ನ ಗಂಟಲು ಒಂದು. ಅದನ್ನು ಕೊಡುವುದಿಲ್ಲ. ಬಾಯಿ ಮುಚ್ಚಿಕೊಂಡು ಹೊಟ್ಟೆ ನೋಡಿಕೊಳ್ಳುತ್ತೇನೆ.

ಸರ್ಕಾರದ್ದೊಂದು ಯೋಜನೆ. ಗಣಿಯಿಂದ ಹೊರಬಿದ್ದವರಿಗೆ ಹಕ್ಕಿಯ ಕೆಲಸ ಕಲಿಸುತ್ತಾರಂತೆ. ಗಣಿಯ ಕೊಳಕು ನೀರು ನಿಂತ ಹೊಂಡಕ್ಕೆ ರಾಜಹಂಸ ಬರುತ್ತವೆ, ಅವನ್ನು ನೋಡಲು ಕಾರಿನಲ್ಲಿ ಜನ ಬರುತ್ತಾರೆ. ಹೊಂಡದ ಅಂಚಿನ ಜೊಂಡಿನಲ್ಲಿ ಬಲೆ ಕಟ್ಟಿ, ಸಣ್ಣ ಹಕ್ಕಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ, ತೂಗಿ, ಹಾರಿಬಿಡುತ್ತಾರೆ. ಆ ಕೆಲಸ ಕಲಿತು, ಕಲಿಸಿದವನು ‘ಇವಳಿಗೆ ಬರುತ್ತದೆ’ ಎಂದು ಸಹಿ ಹಾಕಿದರೆ ಹೊಂಡದಲ್ಲಿ ನನಗೆ ಕಾಯಂ ಕೆಲಸ. ಅಷ್ಟೇ. ಹಕ್ಕಿಯ ಮೇಲೆ ನನಗೆ ಪ್ರೀತಿಯೂ ಇಲ್ಲ, ಸಿಟ್ಟೂ ಇಲ್ಲ.

ಆದರೆ ಕಲಿಸುವವನು ಯಾರು? ಸಾರೆಲ್. ಮೂರನೇ ಶಾಫ್ಟಿನ ಶಿಫ್ಟ್ ಬಾಸ್ ಆಗಿದ್ದ ಸಾರೆಲ್! ನಿವೃತ್ತನಾಗಿ ಹಕ್ಕಿ ಸಂಘ ಕಟ್ಟಿಕೊಂಡಿದ್ದಾನೆ. ಪಿಕಪ್‌ನಿಂದ ಇಳಿದವನು ನನ್ನನ್ನು ನೋಡಿ ನಿಂತುಬಿಟ್ಟ.

“ನೀನಾ?”

“ನಾನೇ.”

“ಇಲ್ಲಿ ಭಾಷಣ ಇಲ್ಲ, ತಿಳೀತಾ? ಹಕ್ಕಿಗೆ ಯೂನಿಯನ್ ಇಲ್ಲ.”

“ಅದಕ್ಕೇ ಬಲೆಗೆ ಬೀಳ್ತವೆ,” ಅಂದೆ.

ಇದು ಜಗಳವಲ್ಲ. ಅವನು ಮಾತಾಡಿದ, ನಾನು ಉತ್ತರ ಕೊಟ್ಟೆ.

ಅಕ್ಟೋಬರ್ 26, ಶನಿವಾರ

ಕಲಿಯುವವರು ಮೂವರು. ನಾನು, ಡಿಟೆಬೊಹೊ, ಮೊಖೆಲೆ. ಡಿಟೆಬೊಹೊ ಗಣಿಯ ಕ್ಯಾಂಟೀನಿನಲ್ಲಿದ್ದವಳು, ಎರಡು ಮಕ್ಕಳ ತಾಯಿ, ನಾಲಿಗೆ ಚೂರಿ. ಮೊಖೆಲೆ ಬಂಡೆ ಕೊರೆಯುತ್ತಿದ್ದವನು. ಡ್ರಿಲ್ ಹಿಡಿದು ಹಿಡಿದು ಅವನ ಬೆರಳಿಗೆ ಸ್ಪರ್ಶವೇ ಇಲ್ಲ. ಹಕ್ಕಿಯನ್ನು ಹಿಡಿದರೆ ಬಿಗಿಯಾಯಿತೋ ಸಡಿಲವಾಯಿತೋ ಅವನಿಗೇ ತಿಳಿಯದು. ಹಾಗಾಗಿ ಕಂಬ ಹೊರುತ್ತಾನೆ. ಸಂಘದ ಉಳಿದವರೆಲ್ಲ ಬಿಳಿಯ ಮುದುಕ ಮುದುಕಿಯರು. ಮಂಡಿ ನೋವು, ಸೊಂಟ ನೋವು. ಕೆಸರಿನಲ್ಲಿ ಕಂಬ ನೆಡುವವರು ನಾವು, ಮಡಚುವ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವವರು ಅವರು.

ನಮ್ಮ ಸೊಥೊ ಜನ ಹಿರಿಯ ಗಂಡಸನ್ನು ನ್ತಾತೆ ಎನ್ನದೆ ಕರೆಯುವುದಿಲ್ಲ, ಹೆಂಗಸನ್ನು ಮ್ಮೆ ಎನ್ನದೆ ಮಾತಾಡಿಸುವುದಿಲ್ಲ. ಸಾರೆಲ್ ಕೂಡ ಬಿಳಿಯನೇ, ನಮ್ಮ ನಡುವೆಯೇ ಹುಟ್ಟಿ ಬೆಳೆದವನು, ನಮ್ಮ ಭಾಷೆ ನೀರಿನಂತೆ ಆಡುತ್ತಾನೆ. ಆದರೂ “ಲೇ ಮೊಖೆಲೆ, ಬಾ ಇಲ್ಲಿ!” ಎಂದೇ ಕೂಗುವುದು. ನನ್ನ ಹೆಸರು ಮೊಸೆಲಾಂತ್ಜಾ. ನಾಯಿಯ ಬಾಲ ಎಂದರ್ಥ. ನನಗಿಂತ ಮುಂಚೆ ಹುಟ್ಟಿದವು ಒಂದೂ ಉಳಿಯಲಿಲ್ಲ, ಇದಾದರೂ ಸಾವಿಗೆ ಅಸಹ್ಯವಾಗಿ ಬಿಟ್ಟುಹೋಗಲಿ ಎಂದು ಅಮ್ಮ ಇಟ್ಟ ಹೆಸರು. ಅದನ್ನು ಕತ್ತರಿಸಿ ‘ಮೊಸ್ಸಿ’ ಮಾಡಿದ್ದಾನೆ. ಆ ಬಿಳಿಯರ ಭಾಷೆಯಲ್ಲಿ ಮೊಸ್ಸಿ ಎಂದರೆ ಗುಬ್ಬಚ್ಚಿ.

ನಾನು ಜಗಳವಾಡಲಿಲ್ಲ. ಮೊಸ್ಸಿ ಎಂದಾಗ ತಿರುಗಿ ನೋಡಲಿಲ್ಲ, ಅಷ್ಟೆ. ಮೂರು ಸಲ ಕೂಗಿ ಗಂಟಲು ಕೆರೆದುಕೊಂಡ. ಆಮೇಲೆ ಪೂರ್ತಿ ಹೆಸರು ಹಿಡಿದ.

ನವೆಂಬರ್ 9, ಶನಿವಾರ

ಇವತ್ತು ಮೊದಲ ಬಾರಿ ಬಲೆಯಿಂದ ಹಕ್ಕಿ ಬಿಡಿಸಿದೆ. ಗೀಜಗ. ಹಳದಿ ದೆವ್ವ! ಉಗುರಿನ ಬುಡಕ್ಕೇ ಕೊಕ್ಕು ಹಾಕಿ ತಿರುಚಿತು. ಶಿಫ್ಟ್ ಬಾಸ್‌ಗಳಲ್ಲಿ ಕೂಡ ಇಂಥ ಕಚ್ಚುವವರನ್ನು ಕಾಣೆ.

“ಎಳೀಬೇಡ! ಎಳೀಬೇಡ ಅಂದ್ನಲ್ಲ!” ಸಾರೆಲ್ ಹಿಂದಿನಿಂದ. “ಯಾವ ಕಡೆಯಿಂದ ಒಳಗೆ ನುಗ್ಗಿತು ನೋಡು. ಅದೇ ಕಡೆಯಿಂದ ತೆಗೀಬೇಕು. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೇಲಿ ತಲೆ.”

“ಕಚ್ಚುತ್ತಿದೆಯಲ್ಲ ಊಮ್!” ಎಂದೆ. ಬಿಳಿಯ ಹಿರಿಯನಿಗೆ ನಾವು ಅನ್ನುವ ಮಾತು ಅದು, ಮಾವ ಎಂದ ಹಾಗೆ.

“ಕಚ್ಚಲಿ. ನಿನ್ನ ಬೆರಳು ವಾಸಿಯಾಗುತ್ತೆ. ಅದರ ರೆಕ್ಕೆ ಮುರಿದರೆ ಆಗಲ್ಲ.”

ಡಿಟೆಬೊಹೊ ಆಚೆಯಿಂದ, “ಮ್ಮೆ, ಅದು ಗಂಡು. ಮಾತಾಡಿಸಿ ನೋಡಿ, ಬಿಡಬಹುದು,” ಅಂದಳು. ಮೊಖೆಲೆ ಕಂಬಕ್ಕೆ ಒರಗಿ ನಕ್ಕ. ನನಗೂ ನಗು ಬಂತು.

ಸಾರೆಲ್ ಹಕ್ಕಿ ಹಿಡಿಯುವುದನ್ನು ನೋಡಿದೆ. ಎರಡು ಬೆರಳ ಸಂದಿಯಲ್ಲಿ ಕುತ್ತಿಗೆ, ಅಂಗೈಗೆ ಬೆನ್ನು. ಹೂ ಹಿಡಿದ ಹಾಗೆ. ಇಕ್ಕಳದಿಂದ ಉಂಗುರ ಒತ್ತುವಾಗ ಉಸಿರನ್ನೂ ಹಿಡಿದಿರುತ್ತಾನೆ. ಈ ಕೈ ನಮ್ಮ ಮೇಲೆ ಎಂದೂ ಹೀಗಿರಲಿಲ್ಲ.

ನವೆಂಬರ್ 23, ಶನಿವಾರ

ಬೆಳಗ್ಗೆ ಜೊಂಡು ತುಂಬ ಹಕ್ಕಿ. ಬಲೆ ತೂಗಿ ಬೀಳುವಷ್ಟು. ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಸಾರೆಲ್ ಕಾಫಿ ಚೆಲ್ಲಿ ಓಡಿದ. ನಾವೂ ಓಡಿದೆವು. ಹಕ್ಕಿ ಬಿಡಿಸಿ, ಬಲೆ ಒಂದೊಂದನ್ನೇ ಸುತ್ತಿ ಕಟ್ಟಿದೆವು. ಗಾಳಿಗೆ ಬಲೆ ಹೊಸೆದುಕೊಂಡರೆ ಒಳಗಿನ ಹಕ್ಕಿಯ ಕುತ್ತಿಗೆಗೆ ಅದೇ ನೇಣು.

ಎಲ್ಲ ಮುಗಿದ ಮೇಲೆ ಬೆರಳು ತೋರಿಸಿ ಹೇಳಿದ: “ಇದೊಂದು ಮಾತು ತಲೇಲಿ ಇಟ್ಕೊಳ್ಳಿ. ಗಾಳಿ ಎದ್ದರೆ ಬಲೆ ಮುಚ್ಚಬೇಕು. ಯಾರನ್ನೂ ಕೇಳಬೇಡಿ. ನನ್ನನ್ನೂ ಕೇಳಬೇಡಿ.”

ಮೊಖೆಲೆ ನನ್ನ ಮುಖ ನೋಡಿದ. ನಾನು ಕೆಸರು ನೋಡಿದೆ.

ಮನೆಗೆ ಬಂದೂ ತಲೆ ಸುಡುತ್ತಿದೆ. ಬರೆಯದಿದ್ದರೆ ಆರುವುದಿಲ್ಲ. ಮೂರನೇ ಶಾಫ್ಟಿನಲ್ಲಿ ತಲೆ ಮೇಲಿನ ಬಂಡೆಯ ಮಾಡು ಬಿರುಕು ಬಿಟ್ಟ ದಿನ ನಾನೇ ಓಡಿಹೋಗಿ ಈ ಸಾರೆಲ್‌ಗೆ ಹೇಳಿದೆ, ಜನರನ್ನು ಹೊರಗೆ ಕರೆಸಿ ಎಂದು. “ಇನ್ನರ್ಧ ಗಂಟೆ, ಈ ಸುತ್ತು ಕೊರೆದು ಮುಗಿಸಿಬಿಡಲಿ,” ಎಂದ. ಮಾಡು ಕುಸಿಯಿತು. ಮೊಖೆಲೆಯ ತಮ್ಮ ಮೊಹಾಪಿ ಅಡಿಯಲ್ಲಿ ಹೋದ. ವಿಚಾರಣೆಯಲ್ಲಿ ಸಾರೆಲ್, “ನನಗೆ ಯಾರೂ ಏನೂ ಹೇಳಲಿಲ್ಲ,” ಎಂದ. ಬಿರುಕು ಕಂಡೂ ಮೊಹಾಪಿ ಅಲ್ಲೇ ನಿಂತ, ಅವನದೇ ಅಜಾಗರೂಕತೆ ಎಂದು ಬರೆದುಕೊಂಡರು. ನಾನು ಸುಳ್ಳಿ, ಸತ್ತವನು ಅಪರಾಧಿ.

ಹಕ್ಕಿಗಾದರೆ ಕಾಫಿ ಚೆಲ್ಲಿ ಓಡುತ್ತಾನೆ!

ಇರಲಿ. ಸಹಿ ಬೇಕು. ಬಾಯಿ ಮುಚ್ಚಿರುತ್ತೇನೆ.

ಡಿಸೆಂಬರ್ 14, ಶನಿವಾರ

ಮಳೆ. ಬಲೆ ಇಲ್ಲ. ಮುದ್ದೆ, ಸೊಪ್ಪು ಉಂಡು ಬಾಗಿಲಲ್ಲಿ ಕೂತೆ. ಒಂದು ಗುಬ್ಬಿ ಮರಿ ಒದ್ದೆಯಾಗಿ ಹೊಸ್ತಿಲಿಗೆ ಬಂತು. ಬಾಯಂಚು ಇನ್ನೂ ಹಳದಿ. ನಮ್ಮ ಈ ಡಿಸೆಂಬರಿನ ಬೇಸಿಗೆಯಲ್ಲಿ ಹುಟ್ಟಿದ್ದೇ. ಎಡ ರೆಕ್ಕೆಯ ಗರಿಯೊಂದು ಇನ್ನೂ ಬಿಚ್ಚದೆ ತನ್ನ ಕೊಳವೆಯೊಳಗಿದೆ. ಸೆಲ್ಲೊನ ತಟ್ಟೆಯಲ್ಲಿ ಒಂದಿಷ್ಟು ಹಿಟ್ಟು ಇಟ್ಟೆ. ಅವನು ಸತ್ತ ಮೇಲೆ ಆ ತಟ್ಟೆ ತೆಗೆದದ್ದು ಇವತ್ತೇ ಇರಬೇಕು.

ಜನವರಿ 11, ಶನಿವಾರ

ಜೊಂಡಿನ ಉಲಿಯಕ್ಕಿ ಎಂಬ ಹಕ್ಕಿ ಸಿಕ್ಕಿತು. ಬಣ್ಣವಿಲ್ಲ, ಅಲಂಕಾರವಿಲ್ಲ, ಒಣ ಹುಲ್ಲಿನ ಬಣ್ಣದ ಪುಟ್ಟ ಜೀವ. ಚೀಲದಲ್ಲಿ ಇದೆಯೋ ಇಲ್ಲವೋ ಎಂದು ಕೈಹಾಕಿ ನೋಡಬೇಕು. ಯುರೋಪಿನ ಜೊಂಡಿನಲ್ಲಿ ಹುಟ್ಟಿ, ಮರಳುಗಾಡು ದಾಟಿ, ಇಲ್ಲಿಗೆ ಹಾರಿ ಬರುತ್ತದಂತೆ. ಮಾರ್ಚ್ ಹೊತ್ತಿಗೆ ವಾಪಸ್.

“ನೀನೇ ತೊಡಿಸು,” ಎಂದು ಸಾರೆಲ್ ಉಂಗುರ ಕೊಟ್ಟ.

ಕೈ ಬರಲಿಲ್ಲ. ನನ್ನಪ್ಪ ಲೆಸೊಥೊದ ಬೆಟ್ಟ ಇಳಿದು ಗಣಿಗೆ ಬಂದಾಗ ಅವನ ಮಣಿಕಟ್ಟಿಗೂ ನಂಬರಿನ ಪಟ್ಟಿ ಬಿಗಿದಿದ್ದರು. ಸಾಯುವಾಗ ತನ್ನ ಮಕ್ಕಳ ಹೆಸರು ಮರೆತಿದ್ದ, ಆ ನಂಬರು ಮರೆತಿರಲಿಲ್ಲ. ನಾನು ಯಾರ ಕಾಲಿಗೂ ನಂಬರು ಬಿಗಿಯುವವಳಲ್ಲ ಎಂದು ಬಾಯಿಗೆ ಬಂತು.

“ಯಾಕೆ, ಏನಾಯ್ತು?” ಎಂದ.

“ಇದನ್ನ ಹಾಕಿದ ಮೇಲೆ ಅವಳು ಎಲ್ಲಿಗೆ ಬೇಕಾದರೂ ಹೋಗಬಹುದಾ?”

“ಹೋಗದೆ? ಹೋಗಲಿ ಅಂತಲೇ ಹಾಕೋದು. ಎಲ್ಲಿವರೆಗೆ ಹೋಗ್ತಾಳೆ ಅಂತ ತಿಳಿಯೋಕೆ.”

“ನಮ್ಮಪ್ಪನಿಗೆ ಹಾಕಿದ್ದು ಹೋಗದೇ ಇರಲಿ ಅಂತ.”

ಸಾರೆಲ್ ತನ್ನ ಇಕ್ಕಳ ಒರೆಸಿದ. ನಾನು ಉಂಗುರ ತೊಡಿಸಿದೆ. ಸಂದು ಕೂಡಿದೆಯೇ, ಕಾಲಿನ ಮೇಲೆ ಸರಾಗ ಸರಿಯುತ್ತದೆಯೇ ಎಂದು ಮತ್ತೆ ಮತ್ತೆ ನೋಡಿದೆ. ಅಂಗೈ ಬಿಚ್ಚಿದಾಗ ಅವಳು ತಕ್ಷಣ ಹಾರಲಿಲ್ಲ. ಕೂತಳು. ಎದೆ ಬಡಿದುಕೊಳ್ಳುವುದು ನನ್ನ ಚರ್ಮಕ್ಕೆ ತಾಕುತ್ತಿತ್ತು. ಆಮೇಲೆ ಹೋದಳು.

ಜನವರಿ 25, ಶನಿವಾರ

ಮುಂದಿನ ತಿಂಗಳು ಎಂಟಕ್ಕೆ ಗಣಿ ಕಂಪನಿಯ ದೊಡ್ಡವರು ಬರುತ್ತಾರಂತೆ. ಪತ್ರಿಕೆಯವರೂ ಬರುತ್ತಾರಂತೆ. ‘ಗಣಿಯ ಹೊಂಡದಲ್ಲಿ ಹಕ್ಕಿಗಳ ಸ್ವರ್ಗ’ ಎಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಹೊಂಡ ಅವರದು, ಗೇಟು ಅವರದು, ಬಲೆಗೆ ದುಡ್ಡು ಕೊಡುವವರೂ ಅವರೇ. ಕರೆತರುವವನು ಜನಸಂಪರ್ಕದ ಮ್ಯಾನೇಜರ್ ಲೆಬೊನಾ. ಅಯ್ಯೋ ಲೆಬೊನಾ! ಮುಷ್ಕರದಲ್ಲಿ ನನ್ನ ಪಕ್ಕದಲ್ಲಿ ನಿಂತು ಕುಣಿದು ಹಾಡಿದ ಕಾಮ್ರೇಡ್. ಈಗ ಟೈ ಕಟ್ಟುತ್ತಾನೆ.

ನಮಗೆಲ್ಲ ಕಂಪನಿಯ ಹೆಸರಿನ ಹಸಿರು ಅಂಗಿ ಹಂಚಿದರು. “ಒಳಮಗ್ಗುಲು ಹೊರಗೆ ಮಾಡಿ ಹಾಕ್ಕೊಳ್ತೀನಿ,” ಅಂದೆ. ಡಿಟೆಬೊಹೊ, “ನಾನೂ,” ಅಂದಳು. ಮೊಖೆಲೆ, “ನನ್ನದು ನೆಲ ಒರೆಸೋಕೆ ಆಗುತ್ತೆ,” ಅಂದ.

ಇದೂ ಜಗಳವಲ್ಲ. ಅಂಗಿ ಬೇಡ ಎಂದೆವೇ? ಇಸಿದುಕೊಂಡೆವಲ್ಲ.

ಫೆಬ್ರವರಿ 8, ಶನಿವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಕು ಹರಿಯುವಾಗಲೇ ಬಲೆ ಬಿಚ್ಚಿದೆವು. ದೊಡ್ಡವರು ಬೇಗ ಬರುತ್ತೇವೆ ಎಂದಿದ್ದರು. ದಡದಲ್ಲಿ ಬಿಳಿ ಹೊದಿಕೆ ಹಾಸಿದ ಮೇಜು, ಕೇಕು, ಹಣ್ಣಿನ ರಸ. ಬಿಸಿಲೇರಿತು. ದೊಡ್ಡವರ ಸುಳಿವಿಲ್ಲ. ಹಕ್ಕಿ ಬೀಳುವುದು ಕಡಿಮೆಯಾಯಿತು. ಆಮೇಲೆ ಜೊಂಡಿನ ತುದಿ ಒಂದೇ ಕಡೆಗೆ ಬಾಗತೊಡಗಿತು.

ಸಾರೆಲ್ ಬಳಿಗೆ ಹೋದೆ. “ಊಮ್, ಗಾಳಿ ಎದ್ದಿದೆ. ಮುಚ್ಚೋಣ.”

ಅವನು ಗೇಟಿನ ಕಡೆಗೇ ನೋಡುತ್ತಿದ್ದ. “ಲೆಬೊನಾ ಫೋನ್ ಮಾಡಿದ್ದ. ದಾರೀಲಿದಾರಂತೆ. ಖಾಲಿ ಬಲೆ ತೋರಿಸೋಕಾಗುತ್ತಾ?”

“ಊಮ್, ಬಲೆ ಹೊಟ್ಟೆ ಬಿಡ್ತಿದೆ ನೋಡಿ.”

“ಇನ್ನರ್ಧ ಗಂಟೆ,” ಎಂದ.

ಆ ಮಾತು ನನ್ನ ಕಿವಿಗೆ ಬಿದ್ದಾಗ ಮೊಖೆಲೆ ನನ್ನ ಹಿಂದೆಯೇ ನಿಂತಿದ್ದ. ಅವನ ಹೆಗಲಿನ ಮೇಲಿದ್ದ ಕಂಬ ಜಾರಿ ನೆಲಕ್ಕೆ ಬಿತ್ತು. ನಾನು ತಿರುಗಿ, “ನ್ತಾತೆ ಮೊಖೆಲೆ, ಆ ತುದಿಯಿಂದ ಬನ್ನಿ. ಡಿಟೆಬೊಹೊ, ನಡುವಿನದು ನೋಡು. ಮುಚ್ಚಿ!” ಎಂದೆ.

“ಯಾರು ಹೇಳಿದ್ದು?” ಸಾರೆಲ್ ಕೂಗಿದ. “ಇಲ್ಲಿ ಹೊಣೆ ಯಾರದು?”

“ಹೇಳಿದ್ದು ನೀನೇ. ನಿನ್ನನ್ನೂ ಕೇಳಬೇಡ ಅಂತ ನೀನೇ ಹೇಳಿದ್ದು!”

ನೀನು ಎಂದುಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ.

ಓಡಿದೆವು. ಒಂದು ಬಲೆ, ಇನ್ನೊಂದು ಬಲೆ. ಗೀಜಗಗಳನ್ನು ಬಿಡಿಸಿ ಅಲ್ಲಲ್ಲೇ ಹಾರಿಸಿದೆವು. ಉಂಗುರ ಗಿಂಗುರ ಇಲ್ಲ. ಕೊನೆಯ ಬಲೆ ನೀರಿನಂಚಿನಲ್ಲಿತ್ತು. ಗಾಳಿ ಅದನ್ನು ಹಗ್ಗದಂತೆ ಹೊಸೆದಿತ್ತು. ಒಳಗೆ ಉಲಿಯಕ್ಕಿ. ದಾರ ಕುತ್ತಿಗೆಗೆ ಸುತ್ತಿ ಬಿಗಿದಿತ್ತು. ಬಿಡಿಸಿದೆ. ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ತಲೆ ಒಂದು ಕಡೆಗೆ ವಾಲಿತು. ಮೈ ಇನ್ನೂ ಬಿಸಿ. ಮರಳುಗಾಡು ದಾಟಿ ಬಂದವಳು ಒಬ್ಬ ಮ್ಯಾನೇಜರನ ಫೋಟೊಗೆ ಕಾದು ಸತ್ತಳು.

ದಡಕ್ಕೆ ಬಂದಾಗ ಕಾರುಗಳು ನಿಂತಿದ್ದವು. ಲೆಬೊನಾ ಕೇಕಿನ ಪಕ್ಕ ನಿಂತು, “ಗಣಿಯೂ ಪ್ರಕೃತಿಯೂ ಕೈಹಿಡಿದು...” ಎಂದು ಏನೋ ಶುರುಮಾಡಿದ್ದ. ಕ್ಯಾಮೆರಾಗಳು ಅವನ ಕಡೆಗಿದ್ದವು. ನಾನು ನೇರ ಹೋಗಿ ಬಿಳಿ ಹೊದಿಕೆಯ ಮೇಲೆ ಹಕ್ಕಿಯನ್ನಿಟ್ಟೆ.

“ತಗೊಳ್ಳಿ, ಫ್ರೆಶ್ ಇದೆ. ನೀವು ತಡ ಮಾಡಿದ್ದಕ್ಕೆ ಸತ್ತಿದ್ದು. ಫೋಟೊ ತೆಗೀರಿ.”

“ಔಸಿ,” ಲೆಬೊನಾ ಮೆಲ್ಲಗೆ ಅಂದ. ಅಕ್ಕ ಎಂದು ಕರೆಯುವ ಬಾಯಿ ಇನ್ನೂ ಇದೆ ಅವನಿಗೆ. “ಇದು ಜಾಗ ಅಲ್ಲ, ಹೊತ್ತೂ ಅಲ್ಲ.”

“ಯಾವಾಗ ನಮ್ಮ ಹೊತ್ತು ಬಂದಿದೆ ಕಾಮ್ರೇಡ್? ಶಾಫ್ಟಿನೊಳಗೂ ಅರ್ಧ ಗಂಟೆ, ಮೇಲೂ ಅರ್ಧ ಗಂಟೆ!”

ಕ್ಯಾಮೆರಾದವನು ಫೋಟೊ ತೆಗೆದ. ಸಾರೆಲ್ ಟೋಪಿ ಕೈಲಿ ಹಿಡಿದು ಹಕ್ಕಿಯನ್ನೇ ನೋಡುತ್ತಿದ್ದ. ನನ್ನ ಕಡೆ ನೋಡಲಿಲ್ಲ, ಮೊಖೆಲೆ ಕಡೆ ಅಂತೂ ನೋಡಲೇ ಇಲ್ಲ.

ಫೆಬ್ರವರಿ 9, ಭಾನುವಾರ

ಚೆನ್ನಾಗಿ ನಿದ್ದೆ ಬಂತು. ಯಾಕೋ.

ಫೆಬ್ರವರಿ 11, ಮಂಗಳವಾರ

ಕಂಪನಿಯವರು ಹೊಂಡದ ಗೇಟಿಗೆ ಬೀಗ ಹಾಕಿದ್ದಾರೆ. ಸಾರೆಲ್ ಫೋನ್ ಮಾಡಿದ. “ಹೊಣೆ ಇರೋನ ಮಾತು ಮೀರಿದೆ. ನಿನಗೆ ನಾನು ಸಹಿ ಹಾಕೋಕಾಗಲ್ಲ. ತರಬೇತಿ ಮುಗೀತು,” ಎಂದು ಇಟ್ಟುಬಿಟ್ಟ.

ಸಹಿ ಹೋಯಿತು. ಅಂದರೆ ಕೆಲಸ ಹೋಯಿತು. ಬೇಕಿತ್ತೇನೇ ನಿನಗೆ, ನಾಯಿಬಾಲದವಳೇ?

ಬೇಕಿತ್ತು.

ಫೆಬ್ರವರಿ 15, ಶನಿವಾರ

ಮೊಖೆಲೆ, ಡಿಟೆಬೊಹೊ ಬೆಳಗ್ಗೆಯೇ ಮನೆಗೆ ಬಂದರು. ಡಿಟೆಬೊಹೊ ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಮಾಕ್ವೆನ್ಯಾ, ಕಟ್ಟಿಕೊಂಡು ಬಂದಿದ್ದಳು. ಸಂಘದವರು ಬೇರೊಂದು ಕೆರೆಗೆ ಹೋಗೋಣ, ಬಂದು ಕಂಬ ಹೊರಿ ಎಂದು ಇಬ್ಬರನ್ನೂ ಕರೆದಿದ್ದರಂತೆ.

“ಏನಂದ್ರಿ?” ಎಂದು ಕೇಳಿದೆ.

“ನನ್ನ ಬೆರಳಿಗೆ ಸ್ಪರ್ಶ ಇಲ್ಲ, ಕಂಬ ಎಲ್ಲಿದೆ ಅಂತಲೇ ತಿಳಿಯಲ್ಲ ಅಂದೆ,” ಎಂದ ಮೊಖೆಲೆ.

“ನಾನಂತೂ, ನಮ್ಮ ಮ್ಮೆ ಮೊಸೆಲಾಂತ್ಜಾ ಬಂದರೆ ಬರ್ತೀವಿ, ಇಲ್ಲದಿದ್ದರೆ ನಿಮ್ಮ ಸೊಂಟ, ನಿಮ್ಮ ಕಂಬ ಅಂದೆ!” ಎಂದಳು ಡಿಟೆಬೊಹೊ.

ಆಮೇಲೆ ತಿಳಿಯಿತು. ಅಲ್ಲಿ ಸಾರೆಲ್ ಒಬ್ಬನೇ ಎರಡು ಕಂಬ ನೆಟ್ಟು, ಮೂರನೆಯದಕ್ಕೆ ಕೆಸರಿನಲ್ಲಿ ಕೂತುಬಿಟ್ಟನಂತೆ. ಮೂವರೂ ತುಂಬ ನಕ್ಕೆವು. ನಗು ನಿಂತ ಮೇಲೆ ನನಗೆ ಆ ಮುದುಕ ಕೆಸರಿನಲ್ಲಿ ಕೂತದ್ದು ಕಣ್ಣಿಗೆ ಕಟ್ಟಿತು. ಅದಕ್ಕೆ ಇನ್ನೊಂದು ಮಾಕ್ವೆನ್ಯಾ ತಿಂದೆ.

ಫೆಬ್ರವರಿ 19, ಬುಧವಾರ

ಲೆಬೊನಾ ಮನೆಗೇ ಬಂದ. ಕಾರನ್ನು ಬೀದಿ ತುದಿಯಲ್ಲಿ ನಿಲ್ಲಿಸಿ ನಡೆದು ಬಂದ, ಜನ ನೋಡಬಾರದು ಎಂದು. ಬೀದಿಯಿಡೀ ನೋಡಿತು. ಟೀ ಕೊಟ್ಟೆ. ಬಂದವರಿಗೆ ಟೀ ಕೊಡದೆ ಬೈಯುವುದು ನನ್ನ ಪದ್ಧತಿಯಲ್ಲ.

“ಔಸಿ, ಎಲ್ಲ ಸರಿಮಾಡಬಹುದು. ಗೇಟು ತೆಗೀತೀವಿ. ಸಾರೆಲ್‌ಗೂ ನಾನು ಹೇಳ್ತೀನಿ. ಕೆಲಸವೂ ನಿನ್ನದೇ.” ಜೇಬಿನಿಂದ ಒಂದು ಹಾಳೆ ತೆಗೆದ. “ಇದಕ್ಕೊಂದು ಸಹಿ ಸಾಕು.”

ಓದಿದೆ. ಕೊನೆಯ ಬಲೆ ನೋಡಿಕೊಳ್ಳುವುದು ನನ್ನ ಹೊಣೆಯಾಗಿತ್ತಂತೆ. ನನ್ನ ಅಜಾಗರೂಕತೆಯಿಂದ ಹಕ್ಕಿ ಸತ್ತಿತಂತೆ.

“ಈ ಪದ ನಿಮ್ಮ ಆಫೀಸಲ್ಲಿ ಅಚ್ಚು ಹಾಕಿ ಇಟ್ಟಿದಾರಾ? ಮೊಹಾಪಿಗೂ ಇದನ್ನೇ ಬರೆದಿದ್ದು.”

“ಒಂದು ಹಕ್ಕಿ ಔಸಿ! ಒಂದು ಹಿಡಿಯಷ್ಟೂ ಇಲ್ಲದ ಹಕ್ಕಿಗೆ ಜೀವನ ಹಾಳು ಮಾಡ್ಕೊಳ್ತೀಯಾ?”

“ಅವಳ ತೂಕ ನನಗೆ ನೀನು ಹೇಳಬೇಡ. ಅಂಥವಳನ್ನ ತೂಗಿದವಳು ನಾನು.”

“ನೀನು ಬದಲಾಗಲೇ ಇಲ್ಲ.”

“ನೀನು ಇಬ್ಬರ ಪಾಲಿನಷ್ಟೂ ಬದಲಾಗಿದೀಯ. ಟೀ ಮುಗಿಸು, ಆರುತ್ತೆ.”

ಹಾಳೆ ಬಿಟ್ಟುಹೋದ. ಒಲೆ ಹೊತ್ತಿಸಲು ಆಯಿತು.

ಸಂಜೆ ನಗರಸಭೆಯ ಎಂಜಿನಿಯರ್ ಬಳಿ ಹೋಗಿದ್ದೆ. ಊರ ಚರಂಡಿ ನೀರು ಶುದ್ಧ ಮಾಡುವ ಕೊಳಗಳ ಪಕ್ಕ ಒಳ್ಳೆ ಜೊಂಡಿದೆ. ಅಲ್ಲಿ ಬಲೆ ಕಟ್ಟಲು ಬಿಡಿ ಎಂದೆ. ನಾಳೆ ಬನ್ನಿ ಎಂದ. ಕುರ್ಚಿ ಬಿಟ್ಟು ಏಳಲಿಲ್ಲ. ಕಚೇರಿ ಮುಚ್ಚುವ ಹೊತ್ತಿಗೆ ಆಯಿತು ಎಂದ. ಎಷ್ಟು ಒಳ್ಳೆಯ ಹುಡುಗ.

ಫೆಬ್ರವರಿ 27, ಗುರುವಾರ

ಸಾರೆಲ್ ಬಂದ. ಅಂಗಳದಲ್ಲೇ ನಿಂತ. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

“ಆ ಕೊಳದ ಜೊಂಡು ಚೆನ್ನಾಗಿದೆಯಂತೆ,” ಎಂದ. “ಆದರೆ ಅರ್ಹತೆ ಇರೋನು ಒಬ್ಬ ಇಲ್ಲದೆ ನೀವು ಬಲೆ ಬಿಚ್ಚೋ ಹಾಗಿಲ್ಲ.”

“ಗೊತ್ತು. ಬಿಚ್ಚಿಲ್ಲ. ದುರ್ಬೀನಿನಲ್ಲಿ ನೋಡ್ತಿದೀವಿ, ಅಷ್ಟೆ.”

“ಉಲಿಯಕ್ಕಿಗಳು ಹೊರಡೋ ಕಾಲ ಬಂತು.” ಬೇಲಿಯ ಸಡಿಲ ತಂತಿ ಬಿಗಿದ. “ಸಹಿ ಹಾಕ್ತೀನಿ. ನೀನು ನನ್ನ ಮಾತು ಮೀರಿದ್ದು ತಪ್ಪು ಅಂತ ಎಲ್ಲರ ಮುಂದೆ ಒಂದು ಮಾತು ಹೇಳಿದರೆ ಸಾಕು.”

“ಹೇಳ್ತೀನಿ.”

ಅವನಿಗೆ ಆಶ್ಚರ್ಯವಾಯಿತು.

“ಹೊಣೆ ಇರೋನು ಒಪ್ಪದೆ ಬಲೆ ಮುಚ್ಚಬಾರದು ಅನ್ನೋದು ನಿಯಮವೇ ಆದರೆ, ಮುರಿದಿದೀನಿ ಅಂತ ಹೇಳ್ತೀನಿ. ಅದಕ್ಕೆ ಮುಂಚೆ ನೀನು ಹೇಳಬೇಕಾದ್ದು ಹೇಳು. ನನಗಲ್ಲ, ನ್ತಾತೆ ಮೊಖೆಲೆಗೆ. ಮೂರನೇ ಶಾಫ್ಟಿನಲ್ಲಿ ನಾನು ಬಂದು ಹೇಳಿದ್ದು ನಿನಗೆ ಕೇಳಿಸ್ತೋ ಇಲ್ಲವೋ ಅಂತ.”

ಅವನ ಮುಖ ಸುಣ್ಣ. “ಅದಕ್ಕೂ ಇದಕ್ಕೂ ಏನು ಸಂಬಂಧ?”

“ಸಂಬಂಧ ಇಲ್ಲ ಅನ್ನಿಸಿದರೆ ಬರಬೇಡ. ನನಗೆ ನಿನ್ನ ಸಹಿ ಬೇಡ. ಬೇರೆ ಊರಲ್ಲಿ ಕಲಿಸೋರಿದಾರೆ. ಮೊದಲನೇ ಗೀಜಗದಿಂದ ಮತ್ತೆ ಕಚ್ಚಿಸ್ಕೊಳ್ತೀನಿ.”

ಹೋದ. ಪಿಕಪ್ ಬಹಳ ಹೊತ್ತು ಬೀದಿ ತುದಿಯಲ್ಲಿ ನಿಂತಿತ್ತು.

ಮಾರ್ಚ್ 15, ಶನಿವಾರ

ಒಂದು ಎಲೆ ಅಲುಗದ ಬೆಳಗು. ಕೊಳದ ಮೇಲೆ ಮಂಜು. ತಂತಿಯುದ್ದಕ್ಕೂ ಅಂಬರಗುಬ್ಬಿಗಳು ಹೊರಡಲು ಸಾಲುಗಟ್ಟಿದ್ದವು. ಸಾರೆಲ್ ಬರುತ್ತೇನೆ ಎಂದು ಡಿಟೆಬೊಹೊಗೆ ಹೇಳಿಕಳಿಸಿದ್ದ. ಸಂಘದ ಮೂರು ನಾಲ್ಕು ಮುದುಕರೂ ಬಂದಿದ್ದರು. ನಾವು ಕಂಬ ನೆಟ್ಟು, ಬಲೆ ಸುತ್ತಿದ ಹಾಗೆಯೇ ಕಟ್ಟಿ ಕಾದೆವು.

ಅವನು ಪಿಕಪ್ ಇಳಿದು ನೇರ ಮೊಖೆಲೆಯ ಬಳಿಗೆ ಹೋದ. ಟೋಪಿ ತೆಗೆದ.

“ನ್ತಾತೆ ಮೊಖೆಲೆ.”

ಕೈಯಲ್ಲಿ ಕೊನೆಯ ಕಂಬ ಹಿಡಿದಿದ್ದ ಮೊಖೆಲೆ ತಿರುಗಿದ. “ಹೇಳು.”

“ನಿಮ್ಮ ತಮ್ಮಂದು ತಪ್ಪಿರಲಿಲ್ಲ. ಮಾಡು ಬಿರುಕು ಬಿಟ್ಟಿದೆ ಅಂತ ಇವಳು ಬಂದು ಹೇಳಿದಳು. ನನಗೆ ಕೇಳಿಸ್ತು. ಇನ್ನರ್ಧ ಗಂಟೆ ಅಂದವನು ನಾನು. ವಿಚಾರಣೇಲಿ...” ನಿಂತ.

“ನಿಲ್ಲಿಸಬೇಡ,” ಎಂದ ಮೊಖೆಲೆ.

“ವಿಚಾರಣೇಲಿ ಸುಳ್ಳು ಹೇಳಿದೆ.”

ಜೊಂಡಿನೊಳಗೆ ನಾಮದ ಕೋಳಿಯೊಂದು ಕೂಗುತ್ತಿತ್ತು. ಮೊಖೆಲೆ ಅವನನ್ನು ಮೇಲಿಂದ ಕೆಳಗೆ ನೋಡಿದ.

“ಇದನ್ನ ನಮ್ಮಮ್ಮ ಇದ್ದಾಗ ಹೇಳಬೇಕಿತ್ತು. ಮಗ ಅಜಾಗರೂಕ ಅನ್ನೋದನ್ನ ಕೇಳಿಸ್ಕೊಂಡೇ ಸತ್ತಳು ಅವಳು.”

ಕಂಬವನ್ನು ಎಸೆಯಲಿಲ್ಲ. ಮಗುವನ್ನು ಮಲಗಿಸಿದ ಹಾಗೆ ನೆಲಕ್ಕಿಟ್ಟ. ಕಂಬಳಿ ಹೆಗಲಿಗೇರಿಸಿ, ರಸ್ತೆ ಹಿಡಿದು ಹೋದ. ಕ್ಷಮಿಸಿದೆ ಎನ್ನಲಿಲ್ಲ. ಯಾಕೆ ಅನ್ನಬೇಕು?

ನಾನು ಕೊಟ್ಟ ಮಾತು ಉಳಿಸಿಕೊಂಡೆ. ಹೊಣೆ ಇದ್ದವನ ಮಾತು ಮೀರಿ ಬಲೆ ಮುಚ್ಚಿದ್ದು ನಾನೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ನಾಳೆ ಮತ್ತೆ ಹಾಗಾದರೆ ಮತ್ತೆ ಮೀರುತ್ತೇನೆ ಎಂದೂ ಹೇಳಿದೆ. ಸಾರೆಲ್ ತಲೆಯಾಡಿಸಿ ಹಾಳೆ ಚಾಚಿದ. ಸಹಿಯಾಗಿತ್ತು. ತೆಗೆದುಕೊಂಡೆ. ಬೇಡ ಎನ್ನಲು ನಾನು ಸಂತಳಲ್ಲ. ಬೆರಳು ಕಚ್ಚಿಸಿಕೊಂಡು ದುಡಿದದ್ದು, ನನ್ನದು.

ಸಂಘದ ಮುದುಕಿಯೊಬ್ಬಳು, “ಬಿಚ್ಚೋಣವಾ ಸಾರೆಲ್? ಇಂಥ ಬೆಳಗು ಮತ್ತೆ ಸಿಗಲ್ಲ,” ಅಂದಳು.

“ನನ್ನನ್ನ ಕೇಳಬೇಡಿ. ಇವತ್ತಿನ ಹೊಣೆ ಅವರದು.”

ಎಲ್ಲರೂ ನನ್ನ ಕಡೆ ತಿರುಗಿದರು. ಜೊಂಡಿನೊಳಗೆ ಉಲಿಯಕ್ಕಿಗಳು ಕಿಚಿಪಿಚಿ ಎನ್ನುತ್ತಿದ್ದವು, ಕೈಗೆ ಸಿಗುವಷ್ಟು ಹತ್ತಿರ. ಇನ್ನೊಂದು ವಾರಕ್ಕೆ ಒಂದೂ ಇರುವುದಿಲ್ಲ.

“ಬಿಚ್ಚೋದಿಲ್ಲ,” ಅಂದೆ.

“ಗಾಳಿಯೇ ಇಲ್ಲವಲ್ಲ?”

“ಗಾಳಿಗಲ್ಲ. ಮೊಹಾಪಿಯ ಹೆಣ ಮೇಲೆ ಬಂದ ಲಿಫ್ಟಿನ ಕೇಜಿನಲ್ಲೇ ಮುಂದಿನ ಪಾಳಿಯವರನ್ನ ಕೆಳಗೆ ಕಳಿಸಿದರು. ರಕ್ತ ತೊಳೆಯೋ ಹೊತ್ತೂ ಕೊಡಲಿಲ್ಲ. ಆ ದಿನ ನಿಲ್ಲಿಸಬೇಕಾಗಿದ್ದ ಪಾಳಿ ಇವತ್ತು ನಿಲ್ಲುತ್ತೆ.”

ಡಿಟೆಬೊಹೊ ಮೊದಲು ನೆಲದ ಮೇಲೆ ಕೂತಳು. ಆಮೇಲೆ ಮುದುಕರು, ಕುರ್ಚಿ ಬಿಟ್ಟು. ಕೊನೆಗೆ ಸಾರೆಲ್, ಮೊಖೆಲೆ ಮಲಗಿಸಿಹೋದ ಕಂಬದಿಂದ ದೂರ. ಬಿಸಿಲು ಬಲಿಯುವವರೆಗೆ ಕೂತೆವು. ಹಕ್ಕಿಗಳು ಬಲೆಯಿಲ್ಲದ ದಾರಿಯಲ್ಲಿ ಹೋಗಿ ಬಂದು ಮಾಡಿದವು.

ಈಗ ಮೊಖೆಲೆಯ ಮನೆಗೆ ಹೊರಟಿದ್ದೇನೆ. ಸಾರೆಲ್ ಹೇಳಿದ್ದು ಜೊಂಡಿಗೆ ಕೇಳಿತು, ನಮಗೆ ಕೇಳಿತು, ಸಾಲದು. ವಿಚಾರಣೆ ನಡೆಸಿದ ಆಫೀಸಿನಲ್ಲಿ, ಮೊಹಾಪಿಯ ಹೆಸರಿಗೆ ಮಸಿ ಬಳಿದ ಅದೇ ಮೇಜಿನ ಮುಂದೆ ಅವನು ಇದನ್ನು ಇನ್ನೊಮ್ಮೆ ಹೇಳಬೇಕು. ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಬರುವುದಿಲ್ಲ ಎಂದರೆ ಅವನ ಗೇಟಿನ ಮುಂದೆ ಕೂರುತ್ತೇವೆ. ಡಿಟೆಬೊಹೊ ಈಗಾಗಲೇ ಬೀದಿಯವರಿಗೆಲ್ಲ ಹೇಳಿದ್ದಾಳೆ, ಕಂಬಳಿ ತನ್ನಿ ಎಂದು.